ಖತ್ರಾ ಎಂದರೆ ಖಾತ್ರಿ

ಇವತ್ತು ಬೆಳಿಗ್ಗೆ ಬೀದರದ ನಮ್ಮ ಬಾಡಿಗೆ ಮನೆಯ ಮಾಲೀಕರು ಗಾಂಧಿ ಗಂಜಿನ ಪೇಟೆಯಿಂದ ನೀರು ತುಂಬಲೆಂದು ಹಳೆಯ ನೀಲಿ ಡ್ರಮ್ಮೊಂದನ್ನು ತಂದು ಮುಚ್ಚಳ ತೆಗೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಂತಪುರದ ಮೌಶಿ, ಅಂದರೆ ನಮ್ಮವ್ವನ ತಂಗಿ, ನೆನಪಾದಳು. ಪ್ರೀತಿಯ ಜನರನ್ನು ನೆನೆಯಲು ಮಲ್ಲಿಗೆಯ ಪರಿಮಳವೇ ಬೇಕೆನ್ನುವವರಿಗೆ ನನ್ನ ವಿದ್ಯೆಯ ಪರಿಚಯವಿಲ್ಲ. ಗಾಬರಿಯಾಗಬೇಡಿ, ಡ್ರಮ್ಮನ್ನು ವಾಪಸ್ ಕಳಿಸಿಯೇ ಇದನ್ನು ಹೇಳುತ್ತಿದ್ದೇನೆ.

ಆ ವಿದ್ಯೆಯ ಹೆಸರು ಪರಿಸರ ಅಪಾಯದ ಮೌಲ್ಯಮಾಪನ. ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಭಾಲ್ಕಿಯ ಮನೆಯಲ್ಲಿ ಕೂತಿದ್ದ ನನ್ನನ್ನು 'ಮುಂದೇನು?' ಎಂದು ಕೇಳದ ನೆಂಟರಿರಲಿಲ್ಲ. ಅವರ ಬಾಯಿ ಮುಚ್ಚಿಸಲೆಂದೇ ಬೀದರಕ್ಕೆ ಬಂದು ಈ ಕೋರ್ಸಿಗೆ ಸೇರಿದೆ. ಹೆಸರು ಕೇಳಿದ ಮೇಲೆ ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ.

ಅಲ್ಲಿ ಕಲಿಸಿದ್ದು ಮುಖ್ಯವಾಗಿ ಒಂದು ಕೋಷ್ಟಕ. ಕೆಡುಕು ಎಷ್ಟು ದೊಡ್ಡದು ಎಂಬುದು ಒಂದು ಬದಿ, ಆಗುವ ಸಂಭವ ಎಷ್ಟು ಎಂಬುದು ಇನ್ನೊಂದು ಬದಿ. ಎರಡೂ ಕೂಡಿದ ಚೌಕಕ್ಕೆ ಕೆಂಪೋ ಹಳದಿಯೋ ಹಸಿರೋ ತುಂಬಬೇಕು. ಬಣ್ಣ ತುಂಬುವುದನ್ನು ಅಂಗನವಾಡಿಯಲ್ಲೇ ಕಲಿತಿದ್ದ ನಾನು ಒಳ್ಳೆಯ ಅಂಕ ಪಡೆದೆ. ಜೊತೆಗೊಂದು ಭಾಷೆಯೂ ಬಂತು. 'ನೀರು ಕೆಟ್ಟಿದೆ' ಎನ್ನಬಾರದು, 'ಗುಣಮಟ್ಟದಲ್ಲಿ ವ್ಯತ್ಯಯದ ಸಾಧ್ಯತೆಯನ್ನು ತಳ್ಳಿಹಾಕಲಾಗದು' ಎನ್ನಬೇಕು. ಅಷ್ಟು ಓದಿ ಮುಗಿಸುವಷ್ಟರಲ್ಲಿ ಪಾಪ, ಓದುವವನು ಒಂದು ಲೋಟ ಕುಡಿದೇ ಬಿಟ್ಟಿರುತ್ತಾನೆ.

ಆ ಹೊತ್ತಿಗೆ ಮೌಶಿಯ ಬಾವಿಯ ಪಕ್ಕದಲ್ಲಿ ಒಬ್ಬಾತ ಕಾರ್ಖಾನೆಯ ಇಂಥವೇ ರಾಸಾಯನಿಕದ ಡ್ರಮ್ಮುಗಳನ್ನು ತೊಳೆದು ಮಾರತೊಡಗಿದ್ದ. ನೀರು ನಾರುತ್ತದೆ ಎಂದು ಓಣಿಯವರು ಬಾವಿ ಬಿಟ್ಟು ದೂರದ ನಳಕ್ಕೆ ಹೋಗುತ್ತಿದ್ದರು. ತನ್ನ ಬಾವಿಗೆ ಕೆಟ್ಟ ಹೆಸರು ಬಂತಲ್ಲ ಎಂದು ಮೌಶಿ ಕುದಿಯುತ್ತಿದ್ದಳು. ನಾನು ಆ ನೀರನ್ನು ಪರೀಕ್ಷೆ ಮಾಡಿಸಿದೆ. ಫಲಿತಾಂಶ ಅಚ್ಚ ಕೆಂಪು. ಭಾಲ್ಕಿಯ ಬಸ್ಸಿನಲ್ಲಿ ಕೂತು ಫೋನು ಮಾಡಿದೆ. ಕೋರ್ಸಿನ ಭಾಷೆ ಅವಳಿಗೆ ತಿಳಿಯದೆಂದು, ಅಪಾಯಕ್ಕೆ ನಮ್ಮ ಕಡೆ ಹೇಳುವ ಮಾತನ್ನೇ ಭಾರಿ ಜಾಣತನದಿಂದ ಆರಿಸಿದೆ.

"ಮೌಶಿ, ಬಾವಿ ನೀರಂದು ಖತ್ರಾ ಅದ!"

"ಖಾತ್ರಿ ಅದ?"

"ಹೂಂ, ಪಕ್ಕಾ ಖತ್ರಾ!"

ಬಸ್ಸು ಗುಂಡಿಗೆ ಇಳಿಯಿತು, ಫೋನು ಕಟ್ಟಾಯಿತು. ಕರ್ತವ್ಯ ಮುಗಿಸಿದ ಸಮಾಧಾನದಲ್ಲಿ ಭಾಲ್ಕಿ ಬರುವವರೆಗೂ ನಿದ್ದೆ ಹೊಡೆದೆ.

ಆ ಭಾನುವಾರ ಸಂತಪುರಕ್ಕೆ ಹೋದರೆ ಬಾವಿಕಟ್ಟೆಯ ಮೇಲೆ ಕೊಡಗಳ ಸಾಲು. ಮೌಶಿ ಎಲ್ಲರೆದುರು ತಂಬಿಗೆ ಎತ್ತಿ ಗಟಗಟ ಕುಡಿಯುತ್ತಿದ್ದಾಳೆ.

"ನಮ್ಮ ಪೋರಿ ಇಂಜಿನಿಯರ್ ಅದಾಳ್ರಿ. ಆಕಿನೇ ಖಾತ್ರಿ ಕೊಟ್ಟಾಳ. ಬೇಫಿಕರ್ ಒಯ್ರಿ!"

ಓಡಿಹೋಗಿ ತಂಬಿಗೆ ಕಸಿದುಕೊಂಡೆ.

"ಮೌಶಿ, ಇದು ವಿಷ! ಕುಡೀಬ್ಯಾಡ!"

ಯಾವ ಕೋಷ್ಟಕದಲ್ಲೂ ಇಲ್ಲದ ಈ ಮಾತು ಎಲ್ಲರಿಗೂ ಒಂದೇ ಸಲಕ್ಕೆ ತಿಳಿಯಿತು. ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯವರು ಸಿಟ್ಟಿನಿಂದ ಕೇಳಿದರು, "ಅವತ್ತು ಖಾತ್ರಿ ಅಂದಿ, ಇವತ್ತು ವಿಷ ಅಂತಿ. ಯಾವುದ್ ಖರೇ ಅದ?"

ನಾನು ಬಾಯಿ ತೆರೆಯುವ ಮೊದಲೇ ಮೌಶಿ ಹೇಳಿದಳು, "ಪೋರಿ ಬರಾಬರ್ ಹೇಳಿದ್ಳು, ಖಾಲಾ. ನಂದೇ ಕಿವಿ ಮಂದ ಆಗ್ಯಾವ."

ಎರಡು ಮನೆಯಾಚೆಯ ಪಿಸುಮಾತೂ ತಪ್ಪದ ಕಿವಿ ಅವಳದು, ಓಣಿಗೇ ಗೊತ್ತು. ಆದರೂ ಕೊಡಗಳನ್ನೆಲ್ಲ ಚೆಲ್ಲಿಸಿ, ಮನೆಮನೆಗೂ ಹೋಗಿ ತನ್ನ ಕಿವಿಯನ್ನೇ ಬೈದುಕೊಂಡು ನನ್ನ ಮಾನ ಉಳಿಸಿದಳು. ಅವಳ ಹಿಂದೆ ನಡೆಯುತ್ತಾ ನನಗೆ ಅಳು ತಡೆಯಲಾಗಲಿಲ್ಲ. ಮುಂದಿನ ವಾರವೆಲ್ಲ ಅವಳು ಔರಾದಿನ ದವಾಖಾನೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು. ಗುಣವಾಗಿ ಬಂದಳು, ಆದರೆ ಆ ಪುಣ್ಯದಲ್ಲಿ ನನ್ನ ವಿದ್ಯೆಯ ಪಾಲೇನೂ ಇಲ್ಲ.

ಈಗ ಬೀದರದ ಕಚೇರಿಯೊಂದರಲ್ಲಿ ಇಂಥವೇ ವರದಿ ಬರೆಯುವುದು ನನ್ನ ಕೆಲಸ. ಇವತ್ತು ಮಧ್ಯಾಹ್ನ ಒಂದು ಹಳ್ಳಿಯ ಬಾವಿಯ ವರದಿ ಮುಗಿಸಿ, ಮೊದಲ ಸಾಲಿನಲ್ಲೇ 'ಈ ನೀರು ಕುಡಿಯಬೇಡಿ' ಎಂದು ಬರೆದು ಸಾಹೇಬರ ಮುಂದಿಟ್ಟೆ. ಅವರು ಮುಖ ಸಿಂಡರಿಸಿದರು.

"ಇದೇನ್ರಿ ಮೇಡಂ, ಅಡಗಿಮನಿ ಭಾಷಾ?"

"ಹೌದ್ರಿ ಸರ್," ಎಂದೆ. "ನೀರು ಅಲ್ಲೇ ಕುಡೀತಾರಲ್ರಿ."