ಹುಳುಮನೆಯ ಪಕ್ಕದಲ್ಲಿ ಡ್ರಮ್ಸು

ಅತ್ತೆಯ ಕುರ್ಚಿ ಖಾಲಿಯೇ ಇತ್ತು. ಮಗಳ ರಾಕ್ ಬ್ಯಾಂಡಿನ ಎರಡನೆಯ ಹಾಡು ಮುಗಿಯುವಷ್ಟರಲ್ಲಿ ನಾನು ಹತ್ತು ಸಲವಾದರೂ ಅತ್ತ ತಿರುಗಿ ನೋಡಿದ್ದೆ.

ನಮ್ಮೂರು ಶಿಡ್ಲಘಟ್ಟದ ಹತ್ತಿರ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಅದರ ಅಂಚಿಗೆ ರೇಷ್ಮೆ ಹುಳು ಸಾಕುವ ಮನೆ. ಹುಳುಮನೆ ಅತ್ತೆಯ ರಾಜ್ಯ. ಘಾಟು ವಾಸನೆ ಹುಳುವಿಗೆ ಆಗದೆಂದು ಸೆಂಟು ಹಾಕಿಕೊಂಡವರು ಅಲ್ಲಿ ಕಾಲಿಡುವಂತಿಲ್ಲ. ಚಿಕ್ಕಬಳ್ಳಾಪುರದ ಕಾಲೇಜು ಸೇರಿದ ಮಗಳು ಡ್ರಮ್ಸ್ ಕಲಿತು ಅದನ್ನು ಮನೆಗೆ ತಂದ ದಿನವೇ, ಸದ್ದಿಗೆ ಹುಳು ಬೆದರಿ ಸೊಪ್ಪು ತಿನ್ನುವುದನ್ನೇ ಬಿಡುತ್ತವೆ ಎಂದು ಅತ್ತೆ ಅಪ್ಪಣೆ ಹೊರಡಿಸಿದರು. ಅಂದಿನಿಂದ ಹುಡುಗಿ ಡ್ರಮ್ಸಿಗೆ ಗೋಣಿಚೀಲ ಹೊದಿಸಿಕೊಂಡು ಟಪ್ ಟಪ್ ಎಂದು ಬಾರಿಸಬೇಕಾಯಿತು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಅತ್ತೆಗೆ ಎದುರಾಡುವ ಧೈರ್ಯವಿರಲಿಲ್ಲ, ಪಾತ್ರೆ ಕುಕ್ಕುವ ಧೈರ್ಯವಿತ್ತು.

ಆ ಭಾನುವಾರ ಮಾತ್ರ ಗೋಣಿಚೀಲ ತೆಗೆಯಲು ಒಪ್ಪಿಗೆ ಸಿಕ್ಕಿತ್ತು. ಹುಳು ಹಣ್ಣಾಗುವುದಕ್ಕೆ ಇನ್ನೂ ಎರಡು ದಿನವಿದೆ ಎಂದು ಅತ್ತೆಯೇ ದಿನ ಕೊಟ್ಟಿದ್ದರು. ಹಣ್ಣಾದ ಹುಳು ಸೊಪ್ಪು ಮುಟ್ಟುವುದಿಲ್ಲ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಸೊಪ್ಪಿನಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಅದಕ್ಕೇ ಹುಳು ಹಣ್ಣಾದಾಗ ಊಟಕ್ಕೆ ಕೂತವರನ್ನೂ ಎಬ್ಬಿಸಿ ಕರೆಯುತ್ತಾರೆ.

ಟ್ರ್ಯಾಕ್ಟರ್ ಟ್ರೇಲರೇ ವೇದಿಕೆ. ಗೌರಿಬಿದನೂರಿನಿಂದ ಬಂದಿದ್ದ ನನ್ನ ತಮ್ಮ ಗಿಟಾರಿಗೆ ತಲೆ ಕುಣಿಸುತ್ತಿದ್ದ. ಮಗಳ ಸ್ನೇಹಿತರು ಶಿಳ್ಳೆ ಹೊಡೆಯುತ್ತಿದ್ದರು, ಮಕ್ಕಳು ಧೂಳೆಬ್ಬಿಸಿ ಕುಣಿಯುತ್ತಿದ್ದರು. ಎಲ್ಲರಿಗೂ ಹಬ್ಬ, ನನಗೆ ಮಾತ್ರ ಮುಳ್ಳಿನ ಮೇಲೆ ಕೂತ ಹಾಗೆ. ಮಗಳೂ ಬಾರಿಸುತ್ತಲೇ ಆ ಕುರ್ಚಿಯತ್ತ ನೋಡುತ್ತಿದ್ದಳು. ಕೊನೆಯಲ್ಲಿ ಅವಳೊಬ್ಬಳೇ ಬಾರಿಸುವ ಭಾಗವಿತ್ತು, ಅದನ್ನು ಅಜ್ಜಿ ಕೇಳಲೇಬೇಕು ಎಂದು ವಾರದಿಂದ ಹೇಳುತ್ತಿದ್ದಳು. ಇಷ್ಟು ಹಟ ಯಾರಿಗೂ ಇರಬಾರದು ಎಂದುಕೊಂಡು ಎದ್ದೆ. ಅವತ್ತು ಕೇಳಿಯೇ ಬಿಡುವುದೆಂದು ಹುಳುಮನೆಯ ಬಾಗಿಲು ತಳ್ಳಿದೆ.

ಅತ್ತೆ ನೆಲದ ಮೇಲೆ ಕೂತಿದ್ದರು. ಸುತ್ತಲೂ ಚಂದ್ರಿಕೆಗಳು, ಮಡಿಲಲ್ಲಿ ತಟ್ಟೆ, ತಟ್ಟೆಯ ತುಂಬ ಹೊಂಬಣ್ಣಕ್ಕೆ ತಿರುಗಿದ ಹುಳು. ಸೆಕೆಗೆ ಎರಡು ದಿನ ಮೊದಲೇ ಹಣ್ಣಾಗಿದ್ದವು. ಮಧ್ಯಾಹ್ನದಿಂದ ಒಬ್ಬರೇ ಆರಿಸುತ್ತಿದ್ದರು. ಸೊಪ್ಪು ಹಾಸಿದ ಸ್ಟ್ಯಾಂಡಿನ ಒಂದು ಅಂಕಣದ ಹುಳುಗಳೆಲ್ಲ ಆಗಲೇ ಸೊಪ್ಪಿನಲ್ಲಿ ನೂಲು ಬಿಟ್ಟಿದ್ದವು.

ಒಂದು ಮಾತು ಕೂಗಬಾರದಿತ್ತೇ ಎಂದೆ. ಬೈಯಲು ಬಂದ ಬಾಯಿಗೆ ಅಷ್ಟೇ ಬಂತು.

"ಕೂಗಿದ್ರೆ ಎಲ್ರೂ ಎದ್ದು ಬಂದ್ಬಿಡ್ತಿದ್ರು. ಆಮೇಲೆ ಆ ಮಗು ಯಾರಿಗೆ ಬಾರಿಸ್ಬೇಕು?"

ನಾನು ಅವರ ಪಕ್ಕದಲ್ಲಿ ಕೂತು ಆರಿಸತೊಡಗಿದೆ. ಹೊರಗೆ ಗಿಟಾರು ನಿಂತಿತು, ಮಗಳ ಸರದಿ ಬಂತು. ಗೋಡೆ ಅದುರಿತು, ಸೂರಿನ ತಗಡು ಗಡಗಡಿಸಿತು. ಅತ್ತೆ ಕೈ ನಿಲ್ಲಿಸಿ ಹುಳುಗಳನ್ನೇ ನೋಡುತ್ತಿದ್ದರು. ಒಂದೂ ಬೆದರಲಿಲ್ಲ.

"ನೀನು ಹೋಗಮ್ಮ, ಅವಳು ನೋಡ್ತಿರ್ತಾಳೆ," ಎಂದರು. ನನಗೆ ಏಳಲಾಗಲಿಲ್ಲ. ಹೊರಗೆ ಈಗ ಎರಡು ಕುರ್ಚಿ ಖಾಲಿ ಎಂದು ಗೊತ್ತಿದ್ದೂ ಕೂತೇ ಇದ್ದೆ.

ಚಪ್ಪಾಳೆ ನಿಲ್ಲುವ ಮೊದಲೇ ಮಗಳು ಬಾಗಿಲಲ್ಲಿದ್ದಳು, ಕೈಯಲ್ಲಿ ಇನ್ನೂ ಡ್ರಮ್ಸಿನ ಕೋಲು. ಇಬ್ಬರೂ ಇಲ್ಲೇ ಕೂತಿದ್ದಿರಾ ಎಂದು ಕೇಳುವಾಗ ದನಿ ಒಡೆಯಿತು. ಆಮೇಲೆ ಚಂದ್ರಿಕೆಗಳನ್ನು ನೋಡಿದಳು, ಹಾಳಾದ ಅಂಕಣವನ್ನೂ ನೋಡಿದಳು.

"ಎಲ್ಲಾ ಕೇಳಿಸ್ತು ಕಣಮ್ಮ," ಎಂದರು ಅತ್ತೆ. "ಈಗ ಎಲ್ರನ್ನೂ ಕರಿ. ಸೆಂಟ್ ಹಾಕಿರೋರು ಮಾತ್ರ ಬೇಡ."

ಮಾರನೆಯ ದಿನ ನೋಡಿದರೆ ಡ್ರಮ್ಸಿನ ಗೋಣಿಚೀಲ ಹುಳುಮನೆಯ ಹೊಸ್ತಿಲಲ್ಲಿ ಕಾಲೊರೆಸಲು ಬಿದ್ದಿತ್ತು. ಹಾಸಿದವರು ಅತ್ತೆ.