ಸಾಬೂನಕ್ಕನ ಹಗ್ಗದ ಮೇಲಿನ ಕೋಟು

ಗುರುವಾರ, ಬೆಳಗಿನ ಐದೂವರೆ. ಫುಟ್‌ಬಾಲ್ ಕ್ಲಬ್ಬಿನ ಹಿಂಬದಿಯ ಒಗೆಯುವ ಕೋಣೆಯಲ್ಲಿ ನಾಲ್ಕು ಮೆಷೀನುಗಳು ಒಟ್ಟಿಗೆ ಗುಡುಗುಡು ಎನ್ನುತ್ತಿವೆ. ಅವುಗಳ ಎದುರು ಮೋಟು ಸ್ಟೂಲಿನ ಮೇಲೆ ಕುಳಿತ ಹೆಂಗಸು ಕಾಲ್ಚೀಲಗಳನ್ನು ಜೋಡಿ ಮಾಡುತ್ತಿದ್ದಾರೆ. ಕೈ ಕಾಲ್ಚೀಲದ ಮೇಲಿದ್ದರೂ ಕಣ್ಣು ಮಾತ್ರ ಪದೇ ಪದೇ ಮೇಜಿನ ಕಡೆ ಹೋಗುತ್ತದೆ. ಮೇಜಿನ ಮೇಲೆ ಕಡುನೀಲಿ ಬಣ್ಣದ ದಪ್ಪ ಕೋಟೊಂದು ಜಿಪ್ಪು ಕಿತ್ತುಕೊಂಡು, ಹೊಟ್ಟೆ ಬಿಚ್ಚಿಕೊಂಡು ಮಲಗಿದೆ.

ಗೋಡೆಯಾಚೆಯ ಬೀದಿಯಲ್ಲಿ ಹದಿನಾಲ್ಕು ಮಂದಿ ವರದಿಗಾರರು ಕತ್ತು ಉದ್ದ ಮಾಡಿ ನಿಂತಿದ್ದಾರೆ. ಅವರು ನೋಡುತ್ತಿರುವುದು ಹಿತ್ತಲಿನ ಒಣಹಾಕುವ ಹಗ್ಗವನ್ನು, ಅದರಲ್ಲೂ ಬೀದಿಗೆ ಕಾಣುವ ಕೊನೆಯ ಕೊಕ್ಕೆಯನ್ನು. ಕೊಕ್ಕೆ ಖಾಲಿಯಿದೆ. ಆ ಖಾಲಿ ಕೊಕ್ಕೆ ನಿನ್ನೆಯಿಂದ ಊರಿನ ನೆಮ್ಮದಿ ಕೆಡಿಸಿದೆ.

ಅದು ತಂಡದ ಮ್ಯಾನೇಜರರ ಕೋಟು ನೇತಾಡುವ ಜಾಗ. ಪ್ರತಿ ಪಂದ್ಯದ ನಂತರ ಕೋಟನ್ನು ಒಗೆದು ಅಲ್ಲಿ ತೂಗುಹಾಕುತ್ತಾರೆ. ಮೆಷೀನಿನಲ್ಲಿ ಒಣಗಿಸಿದರೆ ಒಳಗಿನ ಹತ್ತಿ ಗಂಟು ಕಟ್ಟುತ್ತದೆ ಎಂಬುದಷ್ಟೇ ಕಾರಣ. ಆದರೆ ವರದಿಗಾರರಿಗೆ ಅದು ಪಂಚಾಂಗವಿದ್ದ ಹಾಗೆ. ಕೋಟು ಇದ್ದರೆ ಮ್ಯಾನೇಜರ್ ಇದ್ದಾರೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿದ್ದಾರೆ. ನಿನ್ನೆ ಖಾಲಿ ಕೊಕ್ಕೆ ಕಂಡು ಮೊದಲು ಬರೆದವನು ನಮ್ಮದೇ ಪತ್ರಿಕೆಯ ಕ್ರೀಡಾ ವಿಭಾಗದ ಮಿತ್ರ. ಆಫೀಸಿನಲ್ಲಿ ಎಲ್ಲರೂ ಅವನನ್ನು ರೇಡಿಯೊ ಎಂದೇ ಕರೆಯುವುದು. ಆಫ್ ಮಾಡುವ ಗುಂಡಿ ಎಲ್ಲಿದೆಯೋ ಇಂದಿಗೂ ಯಾರಿಗೂ ಸಿಕ್ಕಿಲ್ಲ. ‘ಕೋಟು ಮಡಚಿದ ಮ್ಯಾನೇಜರ್: ಎದುರಾಳಿ ಕ್ಲಬ್ಬಿನತ್ತ ಪಯಣ?’ ಎಂದು ಅವನು ತಲೆಬರಹ ಕೊಟ್ಟಿದ್ದ. ಕೊನೆಯ ಪ್ರಶ್ನಾರ್ಥಕ ಚಿಹ್ನೆ ಕಂಡುಹಿಡಿದವರಿಗೆ ಅವನು ಜೀವನಪೂರ್ತಿ ಋಣಿ.

ನಾನು ಬಂದಿರುವುದು ಆ ಸುದ್ದಿಯ ಬೆನ್ನುಹತ್ತಿ ಅಲ್ಲ. ವಾರದ ಪುರವಣಿಗೆ ಬಟ್ಟೆ ಒಗೆಯುವ ಅಕ್ಕನ ಮೇಲೊಂದು ಲೇಖನ ಬೇಕೆಂದು ತಿಂಗಳ ಹಿಂದೆಯೇ ಗೊತ್ತುಮಾಡಿಕೊಂಡ ಭೇಟಿ ಇದು. ಕ್ಲಬ್ಬಿನಲ್ಲಿ ಇವರು ಎಲ್ಲರಿಗೂ ಸಾಬೂನಕ್ಕ. ವಯಸ್ಸು ಐವತ್ತನಾಲ್ಕು, ಸೇವೆ ಇಪ್ಪತ್ತೆರಡು ವರ್ಷ. ಒಳಗೆ ಕಾಲಿಟ್ಟ ತಕ್ಷಣ ಮೇಜಿನ ಮೇಲಿನ ಕೋಟು ನೋಡಿ ನನ್ನ ಕಿವಿ ನೆಟ್ಟಗಾದದ್ದು ನಿಜ.

“ಇದು… ಅದೇ ಕೋಟಾ?”

“ಅದೇ. ಎಲ್ಲಿಗೂ ಹೋಗಿಲ್ಲ. ನನ್ನ ತಪ್ಪಿಂದ ಇಲ್ಲಿ ಬಿದ್ದಿದೆ” ಎನ್ನುತ್ತಾರೆ ಸಾಬೂನಕ್ಕ. ಮುಖ ಕೆಂಪಾಗುತ್ತದೆ. “ಜಿಪ್ಪಿರೋ ಬಟ್ಟೇನ ಜಿಪ್ ಎಳೆದೇ ಮೆಷೀನಿಗೆ ಹಾಕ್ಬೇಕು. ಇಲ್ಲಾಂದ್ರೆ ಡ್ರಮ್ಮಿಗೆ ಸಿಕ್ಕಿ ಹಲ್ಲು ಮುರಿಯುತ್ತೆ. ಕೆಲ್ಸಕ್ಕೆ ಸೇರಿದ ಮೊದಲನೇ ದಿನ ಕಲಿಯೋ ಪಾಠ ಅದು. ಅವರಿಗೆ ಆಟ ಬಿಗಿಯಾದ್ರೆ ಜಿಪ್ಪಿನ ತುದಿ ಕಚ್ಚೋ ಅಭ್ಯಾಸ. ಮೊನ್ನೆ ಐದು-ನಾಲ್ಕಕ್ಕೆ ಗೆದ್ವಲ್ಲ, ತುದಿ ಪೂರ್ತಿ ಜಜ್ಜಿಹೋಗಿತ್ತು. ಅದನ್ನ ನೋಡಿ ನಗ್ತಾ ನಗ್ತಾ ಹಾಗೇ ಹಾಕ್ಬಿಟ್ಟೆ.”

ರಿಪೇರಿಗೆ ಮುಂಚೆ ಒಂದು ಗಂಟೆ ಹೊರಗೆ ತೂಗುಹಾಕಿದ್ದರೆ ಊರು ತಣ್ಣಗಿರುತ್ತಿತ್ತಲ್ಲ ಎಂದರೆ, ನಾನೇನೋ ಬೈದೆನೆಂಬಂತೆ ನೋಡುತ್ತಾರೆ. “ಹರಿದ ಕೋಟು ಬೀದಿಗೆ ಕಾಣೋ ಹಾಗೆ ಹಾಕೋದಾ? ನಾನಿರೋವರೆಗೂ ಆಗಲ್ಲ.”

ಅವರ ದಿನ ನಾಲ್ಕೂಮುಕ್ಕಾಲಿಗೆ ಶುರು. ಇಪ್ಪತ್ತೆಂಟು ಆಟಗಾರರು, ಒಬ್ಬೊಬ್ಬರಿಗೆ ದಿನಕ್ಕೆ ಐದು ಬಟ್ಟೆ. ತರಬೇತುದಾರರದ್ದೂ ಸೇರಿದರೆ ನೂರೆಪ್ಪತ್ತು ದಾಟುತ್ತದೆ; ಪಂದ್ಯದ ದಿನ ಅದರ ಎರಡರಷ್ಟು. ಹುಲ್ಲಿನ ಕಲೆಗೆ ಒಂದು ನೀರು, ರಕ್ತದ ಕಲೆಗೆ ಇನ್ನೊಂದು. ಗೋಲ್‌ಕೀಪರನ ಕೈಗವಸಿಗೆ ಮೆಷೀನು ನಿಷಿದ್ಧ, ಅದು ಕೈಯಲ್ಲೇ ಆಗಬೇಕು. ಇಷ್ಟೆಲ್ಲ ಮಾಡುವ ಅಕ್ಕ ಇಪ್ಪತ್ತೆರಡು ವರ್ಷದಲ್ಲಿ ಪೂರ್ತಿಯಾಗಿ ನೋಡಿದ್ದು ಮೂರೇ ಪಂದ್ಯ.

“ನೋಡೋದ್ಯಾಕೆ? ಬಟ್ಟೆ ಬಂದ್ಮೇಲೆ ಗೊತ್ತಾಗುತ್ತಲ್ಲ. ಎದೆ ಮೇಲೆ ಮಣ್ಣಿದ್ರೆ ಗೆದ್ದಿದ್ದಾರೆ, ಜಾರಿ ಬಿದ್ದು ಕುಣಿದಿರ್ತಾರೆ. ಬರೀ ಬೆನ್ನ ಮೇಲಿದ್ರೆ ಮಾತಾಡಿಸೋಕೆ ಹೋಗಲ್ಲ.”

ಹೊಲಿಗೆಯ ಮೆಷೀನಿನ ಪಕ್ಕ ಗುಂಡಿಗಳ ತಗಡಿನ ಡಬ್ಬಿಯೊಂದಿದೆ. ಮುಚ್ಚಳ ತೆಗೆದರೆ ಒಳಗೆ ಗುಂಡಿಗಳಿಲ್ಲ, ಬಿಳಿ ದಾರದ ಅಕ್ಷರಗಳಿವೆ. ಹೊಸ ಮ್ಯಾನೇಜರ್ ಕರಾರಿಗೆ ಸಹಿ ಹಾಕಿದ ದಿನ ಅವರ ಹೆಸರಿನ ಮೊದಲಕ್ಷರಗಳನ್ನು ಕೋಟಿನ ಎದೆಗೆ ಹೊಲಿಯುವುದು ಸಾಬೂನಕ್ಕನ ಕೆಲಸ. ಅವರು ಹೋದ ದಿನ ಬಿಚ್ಚುವುದೂ ಅಕ್ಕನದೇ. ಕ್ಲಬ್ಬು ಇಪ್ಪತ್ತೆರಡು ವರ್ಷದಲ್ಲಿ ಹನ್ನೊಂದು ಮಂದಿಯನ್ನು ಕಳಿಸಿದೆ, ಈಗಿನವರು ಹನ್ನೆರಡನೆಯವರು. ಸಹಿಯಾಗುವ ಮುನ್ನ ಅಧ್ಯಕ್ಷರೇ ಬಂದು ಹೇಳಿದರೂ ಅಕ್ಕ ಸೂಜಿಗೆ ದಾರ ಪೋಣಿಸುವುದಿಲ್ಲ.

ಡಬ್ಬಿಯಿಂದ ಒಂದು ಜೋಡಿ ಅಕ್ಷರ ಎತ್ತಿ ನನ್ನ ಅಂಗೈಗೆ ಹಾಕುತ್ತಾರೆ. ಆರು ವರ್ಷದ ಹಿಂದೆ ಬಂದ ಮ್ಯಾನೇಜರರದ್ದು. ಅವರು ಬರುವಾಗಲೇ ತಮ್ಮ ಸಹಾಯಕರು, ತಮ್ಮ ವೈದ್ಯರು, ಕೊನೆಗೆ ಬಟ್ಟೆ ನೋಡಿಕೊಳ್ಳುವವರನ್ನೂ ಕರೆತಂದರು. ಕರಾರಿನಲ್ಲೇ ಹಾಗೆ ಬರೆಸಿಕೊಂಡಿದ್ದರಂತೆ. ಸಾಬೂನಕ್ಕನನ್ನು ಕ್ರೀಡಾಂಗಣದ ಕುರ್ಚಿ ಒರೆಸಲು ಹಾಕಿದರು. ಹದಿನೆಂಟು ಸಾವಿರ ಕುರ್ಚಿ, ಹದಿನಾಲ್ಕು ತಿಂಗಳು. ಮಂಡಿ ಅಲ್ಲೇ ಹೋಯಿತು. ಈ ಮೋಟು ಸ್ಟೂಲು ಅದರ ನೆನಪು.

“ಅವರ ಹೆಸರು ಹೊಲಿದದ್ದು ಬೇರೆಯವರು. ಬಿಚ್ಚಿದ್ದು ಮಾತ್ರ ನಾನೇ” ಎನ್ನುವಾಗ ಅಕ್ಕನ ತುಟಿಯಲ್ಲಿ ಸಣ್ಣ ನಗು ಬಂದು ಹೋಗುತ್ತದೆ. ಆಮೇಲೆ ದನಿ ತಗ್ಗುತ್ತದೆ. “ಈ ಸಲ ಹೊಸಬರು ಬಂದು ಹಾಗೇ ಮಾಡಿದ್ರೆ ಮತ್ತೆ ಕುರ್ಚಿ ಒರೆಸೋ ಮಂಡಿ ನನಗಿಲ್ಲ. ಮನೆಗೆ ಹೋಗೋದೇ.”

ಈಗ ಕರಾರಿನ ವಿಷಯ ಹೇಳಬೇಕು. ಮ್ಯಾನೇಜರರ ಕರಾರಿನಲ್ಲಿ ‘ಬಿಡುಗಡೆ ಷರತ್ತು’ ಎಂಬುದೊಂದಿದೆ. ಗೊತ್ತುಮಾಡಿದ ಮೊತ್ತವನ್ನು ಬೇರೆ ಕ್ಲಬ್ಬು ಕಟ್ಟಿದರೆ, ಮ್ಯಾನೇಜರೂ ಹೂಂ ಎಂದರೆ, ಇಲ್ಲಿಯ ಕ್ಲಬ್ಬು ಬಾಯಿ ಮುಚ್ಚಿಕೊಂಡು ಕಳಿಸಿಕೊಡಬೇಕು. ಈ ಬಾಗಿಲು ವರ್ಷಕ್ಕೊಮ್ಮೆ, ಹತ್ತು ದಿನ ಮಾತ್ರ ತೆರೆದಿರುತ್ತದೆ. ಈ ವರ್ಷ ಮುಚ್ಚುವುದು ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ. ಬುಧವಾರದವರೆಗೆ ಯಾವ ಕ್ಲಬ್ಬೂ ಅತ್ತ ತಲೆ ಹಾಕಿರಲಿಲ್ಲ.

“ಕೋಟು ಇಲ್ಲೇ ಇದೆ ಅಂತ ನಾನು ಬರೆದುಬಿಡಲಾ? ಎಲ್ಲ ತಣ್ಣಗಾಗುತ್ತೆ” ಎಂದು ಕೇಳುತ್ತೇನೆ.

ಅಕ್ಕ ಬೆರಳಾಡಿಸಿ ಹೇಳುತ್ತಾರೆ. “ಬೇಡ. ಒಗೆಯೋ ಕೋಣೆ ಮಾತು ಹೊರಗೆ ಹೋಗ್ಬಾರ್ದು. ಯಾರ ಜೇಬಲ್ಲಿ ಏನು ಸಿಕ್ತು, ಯಾರ ಅಂಗೀಲಿ ರಕ್ತ ಇತ್ತು, ಯಾವುದನ್ನೂ ಇವತ್ತಿನವರೆಗೂ ಹೇಳಿಲ್ಲ. ನನ್ನ ಅನ್ನ ಉಳಿಸ್ಕೊಳೋಕೆ ಈಗ ಹೇಳಿದ್ರೆ ಏನು ಬೆಲೆ ಬಂತು? ಶನಿವಾರ ಮುಗೀಲಿ, ಆಮೇಲೆ ನಿಮ್ಮಿಷ್ಟ.”

ಮಾತು ಕೊಟ್ಟು ಹೊರಬರುತ್ತೇನೆ. ಗೇಟಿನ ಬಳಿ ರೇಡಿಯೊ ಸಿಗುತ್ತಾನೆ. “ಒಳಗೆ ಏನಾದ್ರೂ ಕಂಡ್ಯಾ?” “ಕಾಲ್ಚೀಲ” ಎನ್ನುತ್ತೇನೆ. ಅವನು ಮುಖ ಸಿಂಡರಿಸಿ ಮತ್ತೆ ಕೊಕ್ಕೆಯತ್ತ ತಿರುಗುತ್ತಾನೆ.

ಶುಕ್ರವಾರ ಮಧ್ಯಾಹ್ನ ಗಾಳಿಸುದ್ದಿಗೆ ಕೈಕಾಲು ಮೂಡುತ್ತದೆ. ನಮ್ಮ ಪತ್ರಿಕೆ ಓದಿದ ಎದುರಾಳಿ ಕ್ಲಬ್ಬಿನವರು, ಕೋಟು ಮಡಚಿದ ಮನುಷ್ಯ ಕರೆದರೆ ಬಂದೇ ಬರುತ್ತಾನೆ ಎಂದುಕೊಂಡು, ಷರತ್ತಿನ ಪೂರ್ತಿ ಮೊತ್ತ ಕಟ್ಟಲು ಸಿದ್ಧ ಎಂದು ನಿಜವಾಗಿಯೇ ಪತ್ರ ಕಳಿಸಿದ್ದಾರೆ! ಇಲ್ಲಿಯ ಕ್ಲಬ್ಬು ಗಾಬರಿಬಿದ್ದು ಮೂರು ವರ್ಷದ ಹೊಸ ಕರಾರು ಮುಂದಿಟ್ಟಿದೆ. ಎರಡು ಕಾಗದದ ನಡುವೆ ಕೂತ ಮ್ಯಾನೇಜರ್ ಏನೂ ಹೇಳುತ್ತಿಲ್ಲ. ಒಂದು ಜಿಪ್ಪು ಮುರಿದದ್ದಕ್ಕೆ ಇಷ್ಟು ರಾಮಾಯಣ. ರೇಡಿಯೊ ಆಫೀಸಿನ ತುಂಬ “ನಾನು ಮೊದಲೇ ಹೇಳಿರಲಿಲ್ವಾ?” ಎಂದು ಎದೆಯುಬ್ಬಿಸಿ ಓಡಾಡುತ್ತಿದ್ದಾನೆ. ನಿಜ ಗೊತ್ತಿದ್ದ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ. ಗುರುವಾರವೇ ಬರೆದಿದ್ದರೆ ಈ ಪತ್ರವೇ ಬರುತ್ತಿರಲಿಲ್ಲವೇನೋ.

ಶನಿವಾರ ಬೆಳಗಿನ ಜಾವ ಒಗೆಯುವ ಕೋಣೆಗೆ ಬಂದರೆ ಸಾಬೂನಕ್ಕ ಒಬ್ಬರೇ ಇಲ್ಲ. ಅವರ ಯಜಮಾನರು, ವೃತ್ತಿಯಲ್ಲಿ ಬಸ್ ಚಾಲಕರು, ಕೆಲಸಕ್ಕೆ ಹೊರಟ ದಾರಿಯಲ್ಲಿ ಬಂದು ನಿಂತಿದ್ದಾರೆ. ಅವರ ಸಮವಸ್ತ್ರದ ಜಾಕೆಟ್ಟಿನ ಮುಂಭಾಗಕ್ಕೆ ಮೂರು ಪಿನ್ನು ಚುಚ್ಚಿದೆ.

“ಮೂರು ಅಂಗಡಿ ಸುತ್ತಿದ್ವಿ, ಅಷ್ಟುದ್ದದ ಹಿತ್ತಾಳೆ ಜಿಪ್ಪು ಎಲ್ಲೂ ಸಿಗ್ಲಿಲ್ಲ. ಕೊನೆಗೆ ನನ್ನ ಜಾಕೆಟ್ಟಿಗೆ ಕೈ ಹಾಕಿದ್ಲು” ಎನ್ನುತ್ತಾರೆ ಅವರು. “ಇಪ್ಪತ್ತೆರಡು ವರ್ಷದಿಂದ ನನ್ನ ಅಂಗಿಗೆ ಒಂದು ಗುಂಡಿ ಹಾಕಿಕೊಡು ಅಂದ್ರೆ ಪುರುಸೊತ್ತಿಲ್ಲ. ಅವರ ಕೋಟಿಗೆ ಅಂದ್ರೆ ನನ್ನ ಜಿಪ್ಪೇ ಕಿತ್ಲು!”

“ಆಯ್ತು, ಬಸ್ಸು ಕಾಯ್ತಿದೆ, ಹೊರಡಿ. ಪಿನ್ನು ಹುಷಾರು” ಎಂದು ಅಕ್ಕ ಅಟ್ಟುತ್ತಾರೆ.

“ನನ್ನ ಬಸ್ಸಲ್ಲಿ ಎಲ್ರೂ ಅದೇ ಮಾತಾಡ್ತಿದ್ದಾರೆ, ಹೋಗ್ತಾರಂತೆ ಅಂತ” ಎಂದವರು ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. “ಏನೇ ಆಗ್ಲಿ, ಸಂಜೆ ಬೇಗ ಬರ್ತೀನಿ ಕಣೇ.”

ಆರೂಕಾಲಿಗೆ ಅಕ್ಕ ಒಪ್ಪವಾದ ಕೋಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಕೊನೆಯ ಕೊಕ್ಕೆಗೆ ತೂಗುಹಾಕುತ್ತಾರೆ. ಬೀದಿಯಲ್ಲಿ ಹೋ ಎಂದು ಗದ್ದಲವೇಳುತ್ತದೆ. ಒಬ್ಬ ಫೋನಿನಲ್ಲಿ ಕಿರುಚುತ್ತಾನೆ, ಇನ್ನೊಬ್ಬ ಏಣಿಯಿಂದ ಜಾರುತ್ತಾನೆ. ‘ಮರಳಿ ಬಂದ ಕೋಟು: ಮನಸ್ಸು ಬದಲಿಸಿದರೇ?’ ಎಂದು ರೇಡಿಯೊ ಆಗಲೇ ಬರೆದು ಕಳಿಸಿರುತ್ತಾನೆ, ಅನುಮಾನವೇ ಇಲ್ಲ. ಆದರೆ ಕೋಟು ತೂಗುಹಾಕಿದವರಿಗೇ ಉತ್ತರ ಗೊತ್ತಿಲ್ಲ. ಅಕ್ಕ ಒಳಬಂದು ಕಾಲ್ಚೀಲಗಳ ರಾಶಿಯ ಮುಂದೆ ಕೂರುತ್ತಾರೆ. ಅವತ್ತು ಮೊದಲ ಬಾರಿಗೆ ಎಡಗಾಲಿನ ಗುರುತಿರುವ ಎರಡನ್ನು ಜೋಡಿ ಮಾಡಿ ಮಡಚುವುದನ್ನು ನೋಡುತ್ತೇನೆ.

ಹನ್ನೊಂದೂಕಾಲಿಗೆ ಬಾಗಿಲು ತೆರೆಯುತ್ತದೆ. ಮ್ಯಾನೇಜರ್. ಎತ್ತರದ ಮನುಷ್ಯ, ನಿದ್ದೆಗೆಟ್ಟ ಕಣ್ಣು. ಹಿತ್ತಲಿನಿಂದ ಕೋಟನ್ನು ತಾವೇ ತೆಗೆದುಕೊಂಡು ಬಂದಿದ್ದಾರೆ. ಮೂಲೆಯಲ್ಲಿ ಟವೆಲ್ಲಿನ ಗೋಪುರದ ಪಕ್ಕ ಕೂತ ನನ್ನನ್ನು ಅವರು ಗಮನಿಸಿದಂತಿಲ್ಲ. ಜಿಪ್ಪನ್ನು ಮೇಲೆ ಕೆಳಗೆ ಎಳೆದು ನೋಡುತ್ತಾರೆ.

“ಇದು ಹಳೇದಲ್ವಲ್ಲ?”

“ಅಲ್ಲ ಸಾರ್. ನಮ್ಮನೆಯವರ ಜಾಕೆಟ್ಟಿಂದು.” ಅಕ್ಕ ಎದ್ದು ನಿಲ್ಲುತ್ತಾರೆ. “ತಪ್ಪು ನಂದು. ಜಿಪ್ ಹಾಕದೆ ಒಗ್ದೆ, ಮುರೀತು. ಅದಕ್ಕೇ ಮೂರು ದಿನ ಹಗ್ಗದ ಮೇಲಿರ್ಲಿಲ್ಲ. ಅಷ್ಟಕ್ಕೇ ಇಷ್ಟೆಲ್ಲ ಆಯ್ತು. ನೀವು ಬೈದ್ರೂ ಸರಿ.”

ಮ್ಯಾನೇಜರ್ ನಗಲು ಶುರುಮಾಡುತ್ತಾರೆ. ಮೆಷೀನಿಗೆ ಒರಗಿಕೊಂಡು, ಕಣ್ಣೊರೆಸಿಕೊಂಡು ನಗುತ್ತಾರೆ. “ನಾನು ಹೊರಟೆ ಅಂತ ಎರಡು ಕ್ಲಬ್ಬಿಗೆ, ಇಡೀ ಊರಿಗೆ ಹೇಳಿದ್ದು ನೀವಾ ಹಾಗಾದ್ರೆ? ನನ್ನ ವಕೀಲರು ಮೂರು ದಿನದಿಂದ ಯಾರು ಬಾಯಿಬಿಟ್ಟಿದ್ದು ಅಂತ ಹುಡುಕ್ತಿದ್ದಾರೆ!”

ಅಕ್ಕ ನಗುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಯಾವ ಮ್ಯಾನೇಜರಿಗೂ ಕೇಳದ ಪ್ರಶ್ನೆ ಬಾಯಿಗೆ ಬಂದು ನಿಂತಿರುವುದು ನನಗೆ ಕಾಣುತ್ತದೆ. ಅವರು ಅದನ್ನು ನುಂಗಿಕೊಂಡು, ಕೋಟಿಗಾಗಿ ಕೈ ಚಾಚುತ್ತಾರೆ.

ಮ್ಯಾನೇಜರ್ ಕೋಟು ಕೊಡುತ್ತಾ ಕತ್ತಿನ ಹಿಂದೆ ತೂಗುಹಾಕಲು ಇರುವ ಪಟ್ಟಿಯನ್ನು ತೋರಿಸುತ್ತಾರೆ. ಅದರ ಒಂದು ತುದಿ ಬಿಟ್ಟುಕೊಂಡಿದೆ. “ಇದನ್ನೂ ಗಟ್ಟಿಯಾಗಿ ಹೊಲೀರಿ. ಇನ್ನೂ ಮೂರು ವರ್ಷ ತಡೀಬೇಕು.”

ಅಷ್ಟೇ ಹೇಳಿ ಹೊರಟುಹೋಗುತ್ತಾರೆ. ಇಡೀ ಊರು ಕಾಯುತ್ತಿರುವ ಸುದ್ದಿ ಒಗೆಯುವ ಕೋಣೆಯಲ್ಲಿ, ನನ್ನೊಬ್ಬನ ಕಿವಿಗೆ ಬಿದ್ದಿದೆ. ಕೈ ತಾನಾಗಿಯೇ ಜೇಬಿನ ಫೋನಿಗೆ ಹೋಗುತ್ತದೆ. ಸಾಬೂನಕ್ಕ ಸಾಬೂನುಪುಡಿಯ ಖಾಲಿ ಡಬ್ಬವನ್ನು ನನ್ನ ಮುಂದೆ ಹಿಡಿಯುತ್ತಾರೆ. ಫೋನನ್ನು ಅದರೊಳಗೆ ಹಾಕುತ್ತೇನೆ. ಅವರು ಮುಚ್ಚಳ ಒತ್ತಿ ಕಪಾಟಿನ ಮೇಲಿಡುತ್ತಾರೆ. ನಲವತ್ತು ನಿಮಿಷ! ಇಷ್ಟು ವರ್ಷದ ವೃತ್ತಿಯಲ್ಲಿ ಇದಕ್ಕಿಂತ ಉದ್ದದ ನಲವತ್ತು ನಿಮಿಷ ನಾನು ಕಂಡಿಲ್ಲ. ಅಷ್ಟು ಹೊತ್ತೂ ಅಕ್ಕ ಆ ಬೆರಳುದ್ದದ ಪಟ್ಟಿಯನ್ನೇ ಹೊಲಿಯುತ್ತಾರೆ. ಸೂಜಿಗೆ ದಾರ ಪೋಣಿಸುವುದೇ ನಾಲ್ಕನೆಯ ಪ್ರಯತ್ನಕ್ಕೆ ಆಗುತ್ತದೆ.

ಹನ್ನೆರಡಕ್ಕೆ ಕ್ರೀಡಾಂಗಣದ ಧ್ವನಿವರ್ಧಕ ಗಂಟಲು ಸರಿಮಾಡಿಕೊಳ್ಳುತ್ತದೆ. ಮ್ಯಾನೇಜರ್ ಹೊಸ ಕರಾರಿಗೆ ಸಹಿ ಮಾಡಿದ್ದಾರೆ, ಮೂರು ವರ್ಷ ಇಲ್ಲೇ ಇರುತ್ತಾರೆ. ಬೀದಿ ಕುಣಿಯುತ್ತದೆ, ವಾಹನಗಳ ಹಾರ್ನು ನಿಲ್ಲುವುದಿಲ್ಲ. ದೂರದಲ್ಲಿ ಬಸ್ಸಿನ ಹಾರ್ನೊಂದು ಬಿಟ್ಟು ಬಿಟ್ಟು ಮೂರು ಸಲ ಕೂಗುತ್ತದೆ. “ನಮ್ಮನೆಯವರು” ಎನ್ನುತ್ತಾರೆ ಅಕ್ಕ, ಸೆರಗಿನಿಂದ ಮುಖ ಒತ್ತಿಕೊಂಡು. ಆಮೇಲೆ ಡಬ್ಬ ಇಳಿಸಿ ನನ್ನ ಫೋನು ಕೊಡುತ್ತಾರೆ. ಅದರ ಮೈಗೆಲ್ಲ ನಿಂಬೆಯ ಪರಿಮಳ. “ಈಗ ಬರ್ಕೊಳಿ. ಜಿಪ್ಪಿನ ತಪ್ಪು ನಂದೇ ಅಂತಲೂ ಬರೀರಿ. ಪಾಪ, ಬೇರೆ ಯಾರ ಮೇಲೂ ಅನುಮಾನ ಬೇಡ.”

ಸಂಜೆಯ ಪಂದ್ಯಕ್ಕೆ ಇನ್ನೂ ನೂರೆಂಬತ್ತು ಬಟ್ಟೆ ಇಸ್ತ್ರಿಯಾಗಬೇಕು. ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟ ಅಕ್ಕನಿಗೆ ನನ್ನ ಕೊನೆಯ ಪ್ರಶ್ನೆ ಕೇಳುತ್ತೇನೆ: ಇನ್ನು ಏನಾದರೂ ಆಸೆ ಇದೆಯೇ? ಅವರು ಕೋಟಿನ ಎದೆಯ ಮೇಲಿನ ಬಿಳಿ ಅಕ್ಷರಗಳನ್ನು ಹೆಬ್ಬೆರಳಿನಿಂದ ಸವರುತ್ತಾರೆ.

“ಹನ್ನೊಂದು ಹೆಸರು ಬಿಚ್ಚಿದೀನಿ, ಎಲ್ಲ ಹೊಸದಾಗಿರೋವಾಗ್ಲೇ. ಇದೊಂದನ್ನಾದ್ರೂ ಒಗ್ದೂ ಒಗ್ದೂ, ತಾನಾಗೇ ಸವೆದು ಹೋಗೋದನ್ನ ನೋಡ್ಬೇಕು.”