ಕೂತು ಮಾಡಿದ ವಾಕಿಂಗು

ಮೊನ್ನೆ ನನ್ನ ಮಗಳು ಮೈಸೂರಿನಿಂದ ಬಂದವಳೇ ಒಂದು ಡಬ್ಬ ತಂದು ನನ್ನ ಮಡಿಲಲ್ಲಿಟ್ಟಳು. ಸೀರೆ ಇರಬಹುದೆಂದು ಆಸೆಯಿಂದ ಮುಚ್ಚಳ ತೆಗೆದೆ. ಗಮ್ಮೆಂದು ಹೊಸ ರಬ್ಬರಿನ ವಾಸನೆ. ಒಳಗೆ ಒಂದು ಜೊತೆ ಶೂ. "ಶುಗರ್ ಬಂದಿದೆಯಲ್ಲ, ನಾಳೆಯಿಂದ ವಾಕಿಂಗ್ ಮಾಡಮ್ಮ. ನೆಪ ಹೇಳಿದ್ರೆ ನಾನ್ ಕೇಳಲ್ಲ" ಎಂದಳು. ಸೀರೆಯ ಡಬ್ಬ ಅಷ್ಟು ಎತ್ತರ ಇರುವುದಿಲ್ಲ ಎಂಬುದು ಐವತ್ತೈದು ದಾಟಿದ ಹೆಂಗಸಿಗೆ ತಿಳಿದಿರಬೇಕಿತ್ತು. ಆಸೆಗೆ ಅದೆಲ್ಲ ಎಲ್ಲಿ ಕಾಣುತ್ತದೆ ಹೇಳಿ.

ಶೂ ನೋಡಿ ನಗುವ ಬದಲು ನನಗೆ ಅಳು ಬಂತು. ಮಗಳು ಗಾಬರಿಯಾಗಿ, "ಇಷ್ಟ ಆಗ್ಲಿಲ್ವಾ? ಬೇರೆ ಬಣ್ಣ ತರ್ಲಾ?" ಎಂದಳು. ಬಣ್ಣದ ಮಾತಲ್ಲ. ಆ ರಬ್ಬರಿನ ವಾಸನೆ ಹನ್ನೆರಡು ವರ್ಷದ ಹಿಂದಿನದು, ಹಳೆಯ ಹಾಲಿನ ಕ್ಯಾನಿನೊಳಗಿನದು. ನೀವು ನಗುವುದಾದರೆ ಈಗಲೇ ನಕ್ಕುಬಿಡಿ, ಯಾಕೆಂದರೆ ಇದು ಮೈ ಇಳಿಸಿಕೊಂಡ ಕಥೆ, ಮತ್ತು ಇಳಿಸಿಕೊಂಡವಳು ನಾನು.

ನಮ್ಮೂರು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ, ಮಡಿಕೇರಿಗೆ ಹೋಗುವ ದೊಡ್ಡ ರಸ್ತೆಯಿಂದ ಒಳಗೆ. ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಬೇಯಿಸುವ ಬ್ಯಾರನ್ನು ಎರಡು, ಆಳುಕಾಳು ಬೇಕಾದಷ್ಟು, ಅವರೆಲ್ಲರ ಊಟ ನಮ್ಮ ಒಲೆಯ ಮೇಲೆ. ನಮ್ಮ ಒಲೆ ಎಂದೆನಲ್ಲ, ಅದು ಸುಳ್ಳು. ಒಲೆ ರತ್ನಕ್ಕನದು. ರತ್ನಕ್ಕ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ವಾರಗಿತ್ತಿ. ಬೆಟ್ಟದಪುರದ ಕಡೆಯವಳು, ಹದಿನಾರಕ್ಕೇ ಮದುವೆಯಾಗಿ ಬಂದವಳು. ನಾನು ಕೆ.ಆರ್. ನಗರದವಳು, ಪಿಯುಸಿ ಓದಿದವಳು ಎಂಬ ಜಂಭ ಬೇರೆ. ಅದಕ್ಕೇ ನನಗೆ ಮಕ್ಕಳ ಪಾಠ, ಮಾರ್ಕೆಟ್ಟಿನ ಲೆಕ್ಕ ಮುಂತಾದ ಹಗುರ ಕೆಲಸ. ಅವಳ ಹೆಸರು ಮಾತ್ರ ಮನೆಯ ಎಲ್ಲ ಮೂಲೆಯಿಂದಲೂ ಕೇಳುತ್ತಿತ್ತು. "ರತ್ನಾ, ಬಿಸ್ನೀರು." "ರತ್ನಮ್ಮಾ, ಆಳ್ಗಳ್ಗೆ ಮುದ್ದೆ." "ದೊಡ್ಡವ್ವಾ, ನನ್ ಚಡ್ಡಿ ಎಲ್ಲಿ?" ಕೂಗು ಮುಗಿಯುವ ಮೊದಲೇ "ಆ, ಬಂದೆ" ಎನ್ನುತ್ತಿದ್ದಳು. ಅವಳು ಒಂದು ಕಡೆ ಕೂತು ಕಾಫಿ ಕುಡಿದದ್ದನ್ನು ನಾನು ಕಂಡಿರಲಿಲ್ಲ. ಲೋಟ ಒಲೆಯ ಪಕ್ಕ ಆರುತ್ತಿರುತ್ತಿತ್ತು.

ಇಷ್ಟು ದುಡಿದರೂ ಅವಳು ದಪ್ಪ. ದುಡಿಯದ ನಾನೂ ದಪ್ಪ. ನಲವತ್ತು ದಾಟಿದ ಮೇಲೆ ಅವಳಿಗೆ ಮೆಟ್ಟಿಲು ಹತ್ತಿದರೆ ಉಬ್ಬಸ, ನನಗೆ ತಲೆಸುತ್ತು. ಇಬ್ಬರೂ ಹುಣಸೂರಿನ ಡಾಕ್ಟರ ಹತ್ತಿರ ಹೋದೆವು. ಅವರು ಒಬ್ಬರಾದ ಮೇಲೆ ಒಬ್ಬರನ್ನು ತೂಕದ ಮಿಷನ್ನಿನ ಮೇಲೆ ನಿಲ್ಲಿಸಿ, "ಏನಮ್ಮಾ, ನಿಮ್ಮ ಮನೇಲಿ ಹೊಗೆಸೊಪ್ಪು ಬೆಳೀತೀರೋ, ಬೆಣ್ಣೆ ಬೆಳೀತೀರೋ?" ಎಂದರು. ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯಬೇಕು ಎಂದರು.

"ಮನೇಲಿ ಬೆಳಗಿಂದ ಸಂಜೆಗಂಟ ನಡೀತಾನೇ ಇರ್ತೀನಲ್ಲ ಸಾಮಿ" ಎಂದಳು ರತ್ನಕ್ಕ.

"ಅದು ಲೆಕ್ಕಕ್ಕಿಲ್ಲಮ್ಮ. ಮನೆಯಿಂದ ಆಚೆ, ಕೈ ಬೀಸ್ಕೊಂಡು ನಡೀಬೇಕು."

"ಮನೆಯಿಂದ ಆಚೆಯಾ?" ಎಂದು ಅವಳು ಎರಡು ಸಲ ಕೇಳಿದಳು. ಡಾಕ್ಟರು ಎರಡು ಸಲವೂ ಹೌದೆಂದರು. ನಾನು ಆಗ ಅವರು ಮಾತ್ರೆ ಯಾಕೆ ಬರೆದುಕೊಡಲಿಲ್ಲ ಎಂದು ಬೇಜಾರು ಮಾಡಿಕೊಳ್ಳುತ್ತಿದ್ದೆ.

ಅತ್ತೆಗೆ ವಿಷಯ ತಿಳಿಸಿದಾಗ, "ನಡೀರಿ ಅಂತ ಯೋಳಿಸ್ಕೊಳ್ಳಾಕೆ ಫೀಸ್ ಕೊಟ್ ಬಂದ್ರಾ?" ಎಂದು ಹಣೆ ಚಚ್ಚಿಕೊಂಡರು. ಆದರೆ ಅತ್ತೆಗೆ ಡಾಕ್ಟರೆಂದರೆ ದೇವರು. ಸ್ವಲ್ಪ ಹೊತ್ತು ಎಲೆಅಡಿಕೆ ಜಗಿದು ತೀರ್ಪು ಕೊಟ್ಟರು: "ಔಷ್ದಿ ಅಂದ್ಮೇಲೆ ಮಾಡ್ಲೇಬೇಕು ಬುಡಿ. ಮೈ ಇಳಿಯೋಗಂಟ ಓಗ್ಬನ್ನಿ." ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಆಗ ಇಟ್ಟುಕೊಳ್ಳಲಿಲ್ಲ. ರತ್ನಕ್ಕ ಇಟ್ಟುಕೊಂಡಳು.

ನಮ್ಮ ಕಡೆ ಹೆಂಗಸರು ನಡೆಯುವುದಿಲ್ಲ ಎಂದಲ್ಲ. ತಲೆಯ ಮೇಲೆ ಬುತ್ತಿ ಹೊತ್ತು, ಸೌದೆ ಹೊತ್ತು, ಹುಲ್ಲು ಹೊತ್ತು ನಡೆಯುತ್ತಾರೆ. ಆದರೆ ಇಬ್ಬರು ಹೆಂಗಸರು ಹೊತ್ತು ಮೂಡುವಾಗ ಬರಿಗೈಯಲ್ಲಿ ಬಿರಬಿರನೆ ಹೋಗುತ್ತಿದ್ದಾರೆ ಎಂದರೆ ಅದಕ್ಕೆ ಒಂದೇ ಅರ್ಥ, ಎಲ್ಲೋ ಯಾರೋ ಸತ್ತಿದ್ದಾರೆ. ಮೊದಲ ದಿನ ಸಿಕ್ಕವರೆಲ್ಲ ನಿಲ್ಲಿಸಿ, "ಯಾರವ್ವ ತೀರ್ಕೊಂಡೋರು?" ಎಂದು ಕೇಳಿದರು. ಯಾರೂ ಇಲ್ಲ ಎಂದರೆ ನಂಬಲಿಲ್ಲ. ಎತ್ತಿನ ಗಾಡಿಯವರು, ಮೊಪೆಡ್‌ನವರು ನಿಲ್ಲಿಸಿ "ಅತ್ತಿ ಅಕ್ಕ, ಬುಡ್ತೀನಿ" ಎನ್ನುವುದು ಬೇರೆ. ಬೇಡ ಎಂದರೆ, "ಯಾಕೆ, ನಮ್ ಗಾಡಿ ಅತ್ತಿದ್ರೆ ಸವ್ದೋಯ್ತೀರಾ?" ಎಂದು ಸಿಟ್ಟು.

ಉಪಾಯ ಹುಡುಕಿದ್ದು ರತ್ನಕ್ಕ. ಒಂದು ಹಾಲಿನ ಕ್ಯಾನು ಕೈಯಲ್ಲಿ ಹಿಡಿದಳು. ಡೈರಿ ಇದ್ದದ್ದು ಊರಿನ ಆ ಕೊನೆಗೆ, ನಾವು ಹೋಗುತ್ತಿದ್ದುದು ಈ ಕೊನೆಗೆ. ಆದರೂ ಕೈಯಲ್ಲಿ ಕ್ಯಾನು ಕಂಡ ಮೇಲೆ ಊರಿಗೆ ಸಮಾಧಾನವಾಯಿತು. ಕ್ಯಾನಿನೊಳಗೆ ಹಾಲಿರಲಿಲ್ಲ, ನನ್ನ ಶೂ ಇತ್ತು. ಹುಣಸೂರು ಪೇಟೆಯಲ್ಲಿ ಕೊಂಡ ಬಿಳಿ ಕ್ಯಾನ್‌ವಾಸ್ ಶೂ. ಆ ಕಾಲಕ್ಕೆ ಸೀರೆಯ ಕೆಳಗೆ ಶೂ ಹಾಕುತ್ತಿದ್ದವರು ಪೊಲೀಸ್ ಹೆಂಗಸರು ಮಾತ್ರ. ಊರಿನ ತಿರುವು ದಾಟಿದ ಮೇಲೆ ಹಾಕಿಕೊಳ್ಳುತ್ತಿದ್ದೆ, ಚಪ್ಪಲಿ ಕ್ಯಾನಿಗೆ ಹೋಗುತ್ತಿತ್ತು.

ನಮ್ಮೂರಿನ ದಾರಿ ಮಡಿಕೇರಿ ರಸ್ತೆಗೆ ಸೇರುವಲ್ಲಿ ಒಂದು ಮೋರಿ, ಅದಕ್ಕೆ ಗಿಡ್ಡ ಕಟ್ಟೆ. ಅಲ್ಲಿಯವರೆಗೆ ರತ್ನಕ್ಕ ನನ್ನ ಜೊತೆ ಬರುತ್ತಿದ್ದಳು. ಆಮೇಲೆ, "ನೀ ನಡ್ಕಂಡ್ ಬಾ ಕಣೆ, ನಾನಿಲ್ಲೇ ಕುಂತಿರ್ತೀನಿ" ಎಂದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಸೆರಗಿನ ಗಂಟು ಬಿಚ್ಚಿ ಅಚ್ಚುಬೆಲ್ಲದ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾನು ದೊಡ್ಡ ರಸ್ತೆಯಲ್ಲಿ ಕೈ ಬೀಸಿಕೊಂಡು, ಏದುಸಿರು ಬಿಟ್ಟುಕೊಂಡು ಹೋಗಿ ಬರುವಷ್ಟರಲ್ಲಿ ಅವಳು ಕೂತ ಹಾಗೇ ಇರುತ್ತಿದ್ದಳು.

"ಇಷ್ಟೊತ್ತು ಏನ್ ಮಾಡಿದ್ರಿ ಅಕ್ಕ?"

"ಏನೂ ಮಾಡ್ಲಿಲ್ಲ ಕಣೆ" ಎನ್ನುತ್ತಿದ್ದಳು. ಹಬ್ಬದ ಊಟ ಮಾಡಿ ಎದ್ದವರ ಮುಖ ಇರುತ್ತದಲ್ಲ, ಅಂಥ ಮುಖ.

ಕಾಲೇಜು ಕಂಡ ಹೆಂಗಸಲ್ಲವೆ ನಾನು, ಅದಕ್ಕೊಂದು ಕಥೆ ಕಟ್ಟಿಕೊಂಡೆ. ಅವಳು ಮುಖ ಮಾಡಿ ಕೂರುತ್ತಿದ್ದ ದಿಕ್ಕಿನಲ್ಲಿ, ಆಕಾಶ ಶುಭ್ರವಾಗಿದ್ದರೆ, ಬೆಟ್ಟದಪುರದ ಬೆಟ್ಟ ಕಾಣುತ್ತದೆ. ತವರಿನ ಬೆಟ್ಟ ನೋಡಿಕೊಂಡು ಕೂರುತ್ತಾಳೆ ಪಾಪ ಎಂದುಕೊಂಡೆ. ಒಂದು ದಿನ ಕೇಳಿಯೂಬಿಟ್ಟೆ. "ಬೆಟ್ಟವಾ? ಎಲ್ಲೈತೆ? ನಂಗ್ ದೂರದ್ದು ಕಾಣಾಕಿಲ್ಲ ಕಣೆ, ಎಲ್ಲಾ ಮಬ್ಬು" ಎಂದು ನಕ್ಕಳು. ಮೊಪೆಡ್‌ನಲ್ಲಿ ತರಕಾರಿ ಒಯ್ಯುವವನೊಬ್ಬ ಇನ್ನೊಂದು ದಿನ ನಿಲ್ಲಿಸಿ, "ಯಾಕಕ್ಕ ಇಲ್ ಕುಂತಿದ್ದೀರಿ?" ಎಂದ. "ವಾಕಿಂಗ್ ಮಾಡ್ತಾವ್ನಿ ಕಣಪ್ಪ" ಎಂದಳು, ಬೆಲ್ಲ ಚೀಪುತ್ತಾ. ನನಗೆ ನಾಚಿಕೆಯಾಗಿ ಅತ್ತ ತಿರುಗಿಕೊಂಡೆ.

ಒಮ್ಮೆ ನಾನು ದೂರದಿಂದಲೇ "ಅಕ್ಕಾ" ಎಂದು ಕೂಗಿದೆ. ಅವಳು ಕಟ್ಟೆಯಿಂದ ದಡಕ್ಕನೆ ಎದ್ದು ನಿಂತು, "ಆ, ಬಂದೆ" ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಯೂ ಆಗಿತ್ತು. ಆಮೇಲೆ ನಾನು ಎಂದು ಗೊತ್ತಾಗಿ, "ಥೂ, ನೀನಾ" ಎಂದು ಮತ್ತೆ ಕೂತಳು. ಅಷ್ಟು ಕಂಡೂ ನನಗೆ ತಿಳಿಯಲಿಲ್ಲ. "ಹೀಗೆ ಕೂತ್ರೆ ಮೈ ಹೇಗೆ ಇಳಿಯುತ್ತೆ ಅಕ್ಕ?" ಎಂದು ಗದರಿದೆ.

"ಇಳ್ದ್ರೆ ಆಮೇಲೆ?" ಎಂದಳು.

ಸೋಮಾರಿತನ ಎಂದುಕೊಂಡೆ ನಾನು. ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆ ನಿಲ್ಲುವವಳಿಗೆ ಸೋಮಾರಿತನವಂತೆ! ನನ್ನದು ಅಂಥ ತಲೆ.

ನಾನಂತೂ ಹಟ ಹಿಡಿದಿದ್ದೆ. ಮುದ್ದೆ ಬಿಟ್ಟೆ, ತುಪ್ಪ ಬಿಟ್ಟೆ, ಸೌತೆಕಾಯಿ ಕಡಿದುಕೊಂಡು ಕೂತೆ. ರವಿಕೆಗಳು ಸಡಿಲವಾಗುತ್ತಿದ್ದ ಹಾಗೆ ನನಗೆ ಭೂಮಿಯ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ರತ್ನಕ್ಕ ಮಾತ್ರ ಆ ದಿನಗಳಲ್ಲಿ ಎಂದೂ ಇಲ್ಲದ ಹಾಗೆ ಮುದ್ದೆಯ ಮೇಲೆ ಇನ್ನರ್ಧ ಮುದ್ದೆ ಹಾಕಿಕೊಳ್ಳುತ್ತಿದ್ದಳು. ಬ್ಯಾರನ್ನಿಗೆ ಬೆಂಕಿ ಹಾಕಿ ಮನೆಯಲ್ಲಿ ಉಸಿರಾಡಲು ಬಿಡುವಿಲ್ಲದ ತಿಂಗಳುಗಳಲ್ಲೂ ಅವಳು ವಾಕಿಂಗ್ ತಪ್ಪಿಸಲಿಲ್ಲ. ನಾನೇ ಜ್ವರ, ಮಳೆ ಎಂದು ಮಲಗಿದರೆ ಬಂದು ಕಾಲು ಹಿಡಿದು ಎಳೆಯುತ್ತಿದ್ದಳು. "ಏಳೇ, ಡಾಕ್ಟ್ರು ಯೋಳವ್ರೆ."

ದಸರಾ ಹತ್ತಿರ ಕೆ.ಆರ್. ನಗರದಿಂದ ನನ್ನ ಅಣ್ಣ ಬಂದ. ನನ್ನನ್ನು ನೋಡಿದವನೇ ಎಲ್ಲರ ಮುಂದೆ, "ಯಾಕವ್ವ ಇಂಗ್ ಸೊರಗೋಗಿದ್ದೀಯ? ಮೈಗ್ ಉಸಾರಿಲ್ವಾ?" ಎಂದುಬಿಟ್ಟ. ನಾನು ಹಿರಿಹಿರಿ ಹಿಗ್ಗಿದೆ. ಅತ್ತೆಯ ಮುಖ ಕಪ್ಪಾಯಿತು. ಸೊಸೆ ಸೊರಗಿದರೆ ನೆಂಟರು ಅನ್ನುವುದು ಸೊಸೆಯನ್ನಲ್ಲ, ಮನೆಯನ್ನು.

ಮರುದಿನ ಅಂಗಳದಲ್ಲಿ ಬೇಯಿಸಿದ ಸೊಪ್ಪನ್ನು ಬೇಲು ಕಟ್ಟಿ ತೂಗುತ್ತಿದ್ದರು. ಭಾವ, ಎಂದರೆ ರತ್ನಕ್ಕನ ಗಂಡ, ಮಿಷನ್ನಿನ ಮುಂದೆ ಕೂತಿದ್ದರು. ಅತ್ತೆ ಜಗಲಿಯಿಂದಲೇ, "ಅವ್ರಿಬ್ರನ್ನೂ ಒಂದ್ಸಲ ಅದ್ರ್ ಮ್ಯಾಕೆ ನಿಲ್ಸಪ್ಪ, ನೋಡಾನ" ಎಂದರು. ನಾನು ಓಡಿಬಂದು ಹತ್ತಿದೆ. ಎಂಟು ಕೆ.ಜಿ. ಇಳಿದಿದ್ದೆ! ರತ್ನಕ್ಕ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು. ಭಾವ ಎರಡೆರಡು ಸಲ ನೋಡಿ, "ಇದೇನ್ಲಾ, ಇವ್ಳು ಒಂದ್ ಕೆ.ಜಿ. ಏರವ್ಳೆ!" ಎಂದರು. ಆಳುಗಳೆಲ್ಲ ಗೊಳ್ಳೆಂದರು. ಅವಳೂ ನಕ್ಕಳು. ಇನ್ನಷ್ಟು ದಿನ ಸಿಕ್ಕಿತು ಎಂದು ನಕ್ಕಿರಬೇಕು, ಈಗ ಅನ್ನಿಸುತ್ತದೆ.

ಅತ್ತೆ ಎಲೆಅಡಿಕೆ ಉಗಿದು ಬಂದು ಹೇಳಿದರು: "ಇಳಿದೋಳ್ಗೆ ಇನ್ಯಾಕೆ? ಇಳೀದೆ ಇರೋಳ್ಗೆ ಅದ್ರಿಂದ ಏನ್ ಬಂತು? ನಾಳಿಂದ ಇಬ್ರೂ ಮನೇಲಿರಿ."

ಎಂಥ ಮಾತು ನೋಡಿ! ಯಾವ ವಕೀಲನಿಗೂ ಇದಕ್ಕೆ ಉತ್ತರ ಸಿಗುತ್ತಿರಲಿಲ್ಲ. ಎಲ್ಲರೂ ಮತ್ತೆ ನಕ್ಕರು. ನಾನೂ ನಕ್ಕೆ. ಎಂಟು ಕೆ.ಜಿ. ಇಳಿದವಳಿಗೆ ಆವತ್ತು ಯಾವ ಮಾತು ಕೇಳಿದರೂ ನಗು. ರತ್ನಕ್ಕ ಮಿಷನ್ನಿನ ಮೇಲೆ ನಿಂತೇ ಇದ್ದಳು. "ಔದಾ ಅತ್ತೆ?" ಎಂದಳು. ಒಳಗಿಂದ ಯಾರೋ "ರತ್ನಾ" ಎಂದು ಕೂಗಿದರು. "ಆ, ಬಂದೆ" ಎಂದು ಇಳಿದು ಹೋದಳು.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಕ್ಯಾನನ್ನು ತೊಳೆದು ಬೋರಲು ಹಾಕಿತ್ತು. ಅವಳು ಒಲೆಯ ಮುಂದೆ ಇದ್ದಳು. ನಾಲ್ಕು ದಿನ ಬಿಟ್ಟು, ಇಬ್ಬರೇ ಅಡಿಗೆಮನೆಯಲ್ಲಿದ್ದಾಗ, ಸಾರು ತಿರುವುತ್ತಾ ನಗುನಗುತ್ತಲೇ ಕೇಳಿದಳು: "ನೀನೂ ಒಸಿ ಬೆಲ್ಲ ತಿನ್ಬಾರ್ದಿತ್ತೇನೆ?"

ಆಗ ತಿಳಿಯಿತು ನನಗೆ. ಮೈ ಇಳಿಯುವವರೆಗೆ ಎಂದಿದ್ದರಲ್ಲ ಅತ್ತೆ, ಅದಕ್ಕೇ ಅವಳು ಇಳಿಯದ ಹಾಗೆ ನೋಡಿಕೊಂಡಿದ್ದಳು. ಆ ಬೆಲ್ಲ, ಆ ಅರ್ಧ ಮುದ್ದೆ ಬಾಯಿಚಪಲವಲ್ಲ. ಯಾರೂ ಹೆಸರು ಹಿಡಿದು ಕೂಗದ ದಿನದ ಒಂದು ಗಂಟೆ, ಅವಳಿಗೆ ಇಡೀ ಜನ್ಮದಲ್ಲಿ ಸಿಕ್ಕಿದ್ದು ಅಷ್ಟೇ. ಅವಳಿಂದಾದದ್ದನ್ನೆಲ್ಲ ಅವಳು ಮಾಡಿದಳು, ಆದರೆ ನನ್ನ ಮೈ ಅವಳ ಕೈಯಲ್ಲಿರಲಿಲ್ಲ. ನನ್ನ ಆ ಎಂಟು ಕೆ.ಜಿ. ದೀಪಾವಳಿಯಿಂದ ಸಂಕ್ರಾಂತಿಯ ಒಳಗೆ ಬಡ್ಡಿ ಸಮೇತ ವಾಪಸ್ಸು ಬಂತು. ಅವಳ ಗಂಟೆ ಬರಲಿಲ್ಲ.

ಆಮೇಲೆ ಪಾಲಾಯಿತು. ನಾವು ಹುಣಸೂರಿಗೆ ಬಂದೆವು. ಅತ್ತೆ ತೀರಿಕೊಂಡರು. ರತ್ನಕ್ಕನ ಮನೆಗೂ ಸೊಸೆ ಬಂದಳು, ಒಳ್ಳೆಯ ಹುಡುಗಿ, ಒಲೆ ತಾನು ತೆಗೆದುಕೊಂಡು "ನೀವು ಓಡಾಡ್ಕಂಡ್ ಬನ್ನಿ ಅತ್ತೆ" ಎನ್ನುತ್ತಾಳೆ. ಅಷ್ಟು ಹೊತ್ತಿಗೆ ರತ್ನಕ್ಕನ ಮಂಡಿ ಎರಡೂ ಹೋಗಿದ್ದವು. ಹಿತ್ತಲಿಗೆ ಹೋಗಲೂ ಗೋಡೆ ಹಿಡಿಯಬೇಕು.

ಶೂ ಬಂದ ಮೂರನೆಯ ದಿನ ನಾನು ಅದನ್ನು ಹಾಕಿಕೊಂಡೇ ಊರಿಗೆ ಹೋದೆ. ಈಗ ಯಾರೂ ತಿರುಗಿಯೂ ನೋಡಲಿಲ್ಲ. ರತ್ನಕ್ಕ ಮಂಚದ ಮೇಲಿಂದಲೇ ಬಗ್ಗಿ ಶೂ ಮುಟ್ಟಿ, "ಕ್ಯಾನಲ್ಲಿ ಇಟ್ಕಂಡ್ ಬರ್ಲಿಲ್ವಾ?" ಎಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಾನು ತಡೆಯಲಾರದೆ, "ಆಟೋ ಕರೀತೀನಿ ಅಕ್ಕ, ಮೋರಿ ಹತ್ರ ಹೋಗಿ ಬರೋಣ" ಎಂದೆ.

ಅವಳು ಬೇಡ ಎಂದು ತಲೆಯಾಡಿಸಿದಳು. "ಗಾಡೀಲ್ ಓದ್ರೆ ನಂಜೊತೆ ಯಾರಾರ ಇದ್ದೇ ಇರ್ತಾರೆ ಕಣೆ. ಅವ್ರು ಕಾಯ್ತಾ ನಿಂತ್ಕಂಡಿರ್ತಾರೆ. ಕಾಯೋರಿದ್ರೆ ಅದು ಕುಂತಂಗಾ?" ಆಮೇಲೆ ನನ್ನ ಶೂ ಕಡೆ ಕೈ ತೋರಿಸಿ, "ನೀ ಓಗ್ಬಾ. ನನ್ ಪಾಲ್ದೂ ಒಸಿ ಕುಂತ್ಕಂಡ್ ಬಾ" ಎಂದಳು.

ನಡೆದುಕೊಂಡು ಹೋದೆ. ರಸ್ತೆ ಅಗಲವಾಗಿದೆ, ಕಟ್ಟೆಗೆ ಹಳದಿ ಕಪ್ಪು ಪಟ್ಟೆ ಬಳಿದಿದ್ದಾರೆ. ಕೂತೆ. ಮೊದಮೊದಲು ಮಗಳಿಗೆ ಫೋನ್ ಮಾಡಬೇಕು, ಕುಕ್ಕರ್ ಗ್ಯಾಸ್ಕೆಟ್ ಕೊಳ್ಳಬೇಕು ಎಂದೆಲ್ಲ ತಲೆಗೆ ಬಂತು. ಆಮೇಲೆ ಏನೂ ಬರಲಿಲ್ಲ. ಮಡಿಕೇರಿ ಬಸ್ಸು ಹೋಯಿತು, ಮೈಸೂರು ಬಸ್ಸು ಬಂತು. ನನ್ನನ್ನು ಯಾರೂ ಕರೆಯಲಿಲ್ಲ. ಇದಾ ಅಕ್ಕ, ಇಷ್ಟೇನಾ ನೀನು ಕೇಳಿದ್ದು ಎನ್ನಿಸಿತು.

ಬೈಕಿನವನೊಬ್ಬ ನಿಲ್ಲಿಸಿದ. "ಯಾಕಮ್ಮ, ಬಸ್ ತಪ್ಪೋಯ್ತಾ? ಬನ್ನಿ, ಬುಡ್ತೀನಿ."

"ಇಲ್ಲಪ್ಪ," ಎಂದೆ, "ವಾಕಿಂಗ್ ಮಾಡ್ತಾ ಇದೀನಿ."

ಅವನು ನನ್ನ ಶೂ ನೋಡಿ, ಕಟ್ಟೆ ನೋಡಿ, ಹೊರಟುಹೋದ. ಹೊತ್ತು ಏರಿತ್ತು. ನನ್ನ ಪಾಲಿನದು ಮುಗಿದಿತ್ತು. ಅಕ್ಕನ ಪಾಲಿನದು ಬಾಕಿಯಿತ್ತು, ಕೂತೇ ಇದ್ದೆ.